ಉಕ್ಕಿನ ವಾಚು, ಕೂಡಿಕೊಂಡ ಚೈನು: ರಾಯಲ್ ಓಕ್‌ನಿಂದ ಪಿಆರ್‌ಎಕ್ಸ್‌ವರೆಗೆ

ವಾಚಿನ ಚೈನು ಬೇಸರವಾದರೆ ಕಳಚಿ ಬೇರೆ ಬೆಲ್ಟ್ ಹಾಕಿಸಿಕೊಳ್ಳುವುದು ರೂಢಿ. ಒಂದು ಬಗೆಯ ಉಕ್ಕಿನ ವಾಚುಗಳಲ್ಲಿ ಇದು ಸುಲಭವಲ್ಲ. ಅಲ್ಲಿ ಚೈನು ಕೇಸಿನ ಮುಂದುವರಿಕೆಯೇ ಆಗಿರುತ್ತದೆ. ಅಂಗಡಿಯ ಸಾಮಾನ್ಯ ಬೆಲ್ಟ್ ಅದಕ್ಕೆ ಹೊಂದುವುದಿಲ್ಲ. ಸಿರಿವಂತರಿಗಾಗಿ ಹುಟ್ಟಿದ ಈ ವಿನ್ಯಾಸ ಈಗ ಸಂಬಳದಾರರ ಕೈಗೂ ಎಟುಕುತ್ತಿದೆ. ಕೊಳ್ಳುವಾಗ ಏನನ್ನು ನೋಡಬೇಕು ಎಂಬುದಕ್ಕೆ ಅದರ ಚರಿತ್ರೆಯಲ್ಲೇ ಉತ್ತರವಿದೆ.

1969ರ ಡಿಸೆಂಬರ್‌ನಲ್ಲಿ ಜಪಾನಿನ ಸೀಕೊ ಕಂಪನಿ ಆಸ್ಟ್ರಾನ್ ಎಂಬ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ನಿಖರತೆಯಲ್ಲಿ ಅದನ್ನು ಸರಿಗಟ್ಟಲು ಸ್ವಿಟ್ಜರ್‌ಲೆಂಡಿನ ಯಾಂತ್ರಿಕ ಗಡಿಯಾರಗಳಿಗೆ ಸಾಧ್ಯವಿರಲಿಲ್ಲ. ಅಂಥ ಹೊತ್ತಿನಲ್ಲಿ, 1972ರಲ್ಲಿ, ಔಡೆಮಾರ್ ಪಿಗೆ ಕಂಪನಿ ರಾಯಲ್ ಓಕ್ ಅನ್ನು ಹೊರತಂದಿತು. ಅದರ ನಕ್ಷೆಯನ್ನು ಒಂದೇ ರಾತ್ರಿಯಲ್ಲಿ ಬರೆದುದಾಗಿ ವಿನ್ಯಾಸಕಾರ ಜೆರಾಲ್ಡ್ ಗೆಂಟಾ ಹೇಳಿಕೊಂಡಿದ್ದಾರೆ. ಎಂಟು ಮೂಲೆಯ ಅಂಚು, ಅದರ ಮೇಲೆ ಎದ್ದು ಕಾಣುವ ಎಂಟು ಸ್ಕ್ರೂಗಳು, 39 ಮಿ.ಮೀ. ಅಗಲದ ಕೇಸು. ಉಕ್ಕಿನದಾದರೂ ಬೆಲೆ ಹಲವು ಚಿನ್ನದ ವಾಚುಗಳಿಗಿಂತ ಹೆಚ್ಚು. ಆ ಬೆಲೆ ಲೋಹಕ್ಕಲ್ಲ, ಕೈಕೆಲಸಕ್ಕೆ. ಕೇಸಿನಿಂದ ದೂರವಾದಂತೆ ಕಿರಿದಾಗುತ್ತ ಹೋಗುವ ಚೈನಿನ ಒಂದೊಂದು ಕೊಂಡಿಗೂ ಹೊಳಪು ಕೊಟ್ಟು ಅಂಚು ತೀಡಬೇಕಿತ್ತು.

ಉಳಿದವರು ಹಿಂದೆಯೇ ಬಂದರು. 1975ರಲ್ಲಿ ಜಿರಾರ್ ಪೆರೆಗೊದ ಲಾರಿಯಾಟೊ, 1976ರಲ್ಲಿ ಗೆಂಟಾ ಅವರದೇ ವಿನ್ಯಾಸದ ಪಾಟೆಕ್ ಫಿಲಿಪ್ ನಾಟಿಲಸ್, 1977ರಲ್ಲಿ ಯೋರ್ಗ್ ಹೈಸೆಕ್ ರೂಪಿಸಿದ ವಾಶೆರಾನ್ ಕಾನ್‌ಸ್ಟಾಂಟಿನ್ 222. ದಶಕಗಳು ಕಳೆದ ಮೇಲೆ ಇವುಗಳಿಗೆ ಎಷ್ಟು ಬೇಡಿಕೆ ಬಂತೆಂದರೆ, ನಾಟಿಲಸ್‌ನ 5711 ಮಾದರಿಗೆ ಜನ ವರ್ಷಗಟ್ಟಲೆ ಕಾಯುತ್ತಿದ್ದರು. 2021ರಲ್ಲಿ ಪಾಟೆಕ್ ಅದರ ಉಕ್ಕಿನ ಮಾದರಿಯನ್ನು ನಿಲ್ಲಿಸುವುದಾಗಿ ತಿಳಿಸಿತು.

ಅದೇ ವರ್ಷ ಟಿಸ್ಸೊ ತನ್ನ 1978ರ ಮಾದರಿಯೊಂದನ್ನು ಪಿಆರ್‌ಎಕ್ಸ್ ಹೆಸರಿನಲ್ಲಿ ಮರಳಿ ತಂದಿತು. ಮುಂದಿನ ವರ್ಷ ಸಿಟಿಜನ್ ಕಂಪನಿಯ ಸುಯೋಸಾ ಬಂತು. 1961ರಲ್ಲಿ ಬೆಂಗಳೂರಿನ ಎಚ್‌ಎಂಟಿಗೆ ಕೈಗಡಿಯಾರ ತಯಾರಿಸುವ ತಂತ್ರಜ್ಞಾನ ಕೊಟ್ಟದ್ದು ಇದೇ ಸಿಟಿಜನ್. ಈ ವಿನ್ಯಾಸದ ಆಟೊಮ್ಯಾಟಿಕ್ ವಾಚನ್ನು ಮೊದಲ ಬಾರಿಗೆ ಕೊಳ್ಳಹೊರಟವರು ಸಾಮಾನ್ಯವಾಗಿ ಈ ಎರಡನ್ನೇ ಎದುರುಬದುರು ಇಟ್ಟು ನೋಡುತ್ತಾರೆ.

ಎರಡರ ಮೂಲ ಮಾದರಿಯೂ 40 ಮಿ.ಮೀ., ಎರಡಕ್ಕೂ ಸಫೈರ್ ಗಾಜು. ಪಿಆರ್‌ಎಕ್ಸ್‌ನ ಪವರ್‌ಮ್ಯಾಟಿಕ್ ಯಂತ್ರ ಪೂರ್ತಿ ಕೀಲಿ ತುಂಬಿದರೆ 80 ಗಂಟೆ ಓಡುತ್ತದೆ. ಶುಕ್ರವಾರ ರಾತ್ರಿ ತೆಗೆದಿಟ್ಟರೂ ಸೋಮವಾರ ಬೆಳಿಗ್ಗೆ ನಿಂತಿರುವುದಿಲ್ಲ. ಸುಯೋಸಾದ 8210 ಯಂತ್ರ ಓಡುವುದು ಸುಮಾರು 40 ಗಂಟೆ; ದಿನಕ್ಕೆ 20 ಸೆಕೆಂಡು ಹಿಂದೆ ಬೀಳುವುದರಿಂದ 40 ಸೆಕೆಂಡು ಮುಂದೋಡುವವರೆಗಿನ ವ್ಯತ್ಯಾಸವನ್ನು ಕಂಪನಿಯೇ ಸಹಜವೆಂದು ಒಪ್ಪುತ್ತದೆ. ನೀರು ತಡೆಯುವ ಶಕ್ತಿ ಪಿಆರ್‌ಎಕ್ಸ್‌ಗೆ 100 ಮೀಟರ್, ಸುಯೋಸಾಗೆ 50. ಬೆಲೆಯಲ್ಲಿ ಸುಯೋಸಾ ಸಾಕಷ್ಟು ಅಗ್ಗ.

ಲೆಕ್ಕದಲ್ಲಿ ಪಿಆರ್‌ಎಕ್ಸ್ ಮುಂದಿದೆ. ಆದರೆ ಈ ಬಗೆಯ ವಾಚಿನ ಜೀವ ಇರುವುದು ಚೈನಿನಲ್ಲಿ. ಪಿಆರ್‌ಎಕ್ಸ್‌ನ ಚಪ್ಪಟೆ, ಅಗಲ ಕೊಂಡಿಗಳು ಕೇಸಿನಿಂದ ನೇರ ಹೊರಚಾಚುವುದರಿಂದ ಸಣ್ಣ ಮಣಿಕಟ್ಟಿನ ಮೇಲೆ ಅದು 40ಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸುಯೋಸಾದ ಮೂರು ಸಾಲಿನ ದುಂಡನೆಯ ಕೊಂಡಿಗಳು ಕೈಗೆ ಬೇಗ ಬಾಗುತ್ತವೆ. ಆದರೆ ಹೊಳಪಿನ ನಡುಸಾಲಿನಲ್ಲಿ ಗೀರು ಬೇಗ ಎದ್ದು ಕಾಣುತ್ತದೆ. ಪಿಆರ್‌ಎಕ್ಸ್‌ನಲ್ಲಿ 35, ಸುಯೋಸಾದಲ್ಲಿ 37 ಮಿ.ಮೀ. ಮಾದರಿಗಳೂ ಇವೆ.

ದಿನವೂ ಕಟ್ಟುವ ಒಂದೇ ವಾಚು ಬೇಕು, ಖರ್ಚು ಹಿಡಿತದಲ್ಲಿರಬೇಕು ಎನ್ನುವವರಿಗೆ ಸುಯೋಸಾ ಸಾಕು. ಎರಡು ಮೂರು ವಾಚುಗಳನ್ನು ಬದಲಿಸಿ ಕಟ್ಟುವವರಿಗೆ, ಗೆಂಟಾ ಕಾಲದ ಚೂಪು ರೇಖೆಗಳನ್ನು ಮೆಚ್ಚುವವರಿಗೆ ಪಿಆರ್‌ಎಕ್ಸ್‌ಗೆ ಕೊಡುವ ಹೆಚ್ಚಿನ ಹಣ ದಂಡವಲ್ಲ. ಯಾವುದೇ ಆಗಲಿ, ಬಳೆ ಕೊಳ್ಳುವವರಂತೆ ಕೈಗೇರಿಸಿ ನೋಡದೆ ಹಣ ಕೊಡಬೇಡಿ. ಅಳತೆಗೆ ತೆಗೆಸಿದ ಕೊಂಡಿಗಳನ್ನು ಕೇಳಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ.