ಪರಂಗಿಮಲೆಯ ಶಿಲುಬೆ ಕರೆಯುವುದು ಯಾರನ್ನು?

ಚೆನ್ನೈನ ಪರಂಗಿಮಲೆಯ ಚರ್ಚಿನಲ್ಲಿರುವ ಕಲ್ಲಿನ ಶಿಲುಬೆ 1547ರಲ್ಲಿ ಪೋರ್ಚುಗೀಸರು ನೆಲ ಅಗೆಸುವಾಗ ಸಿಕ್ಕಿದ್ದು. ಅದರಲ್ಲಿ ಯೇಸುವಿನ ದೇಹವಿಲ್ಲ. ಮೇಲಿಂದ ಇಳಿಯುವ ಪಾರಿವಾಳವಿದೆ, ಬುಡದಲ್ಲಿ ಹೂದಳಗಳಿವೆ, ಸುತ್ತ ಕಮಾನಿನಂತೆ ಹಳೆಯ ಪರ್ಷಿಯಾದ ಪಹ್ಲವಿ ಲಿಪಿಯ ಒಂದೇ ಸಾಲಿದೆ. 1558ರ ಡಿಸೆಂಬರ್ 18ರಂದು ಬಲಿಪೂಜೆಯ ನಡುವೆ ಈ ಕಲ್ಲು ರಕ್ತ ಬೆವರಿತೆಂಬುದು ಪ್ರತೀತಿ. ಭಕ್ತರನ್ನು ಬೆಟ್ಟ ಹತ್ತಿಸಿದ್ದು ಆ ಪವಾಡ. ವಿದ್ವಾಂಸರನ್ನು ಹತ್ತಿಸಿದ್ದು ಆ ಸಾಲು. ಇವರಿಬ್ಬರ ದಾರಿ ಬೇರೆಯೆಂದು ನನಗೆ ಅನ್ನಿಸುವುದಿಲ್ಲ.

ಆ ವಿದ್ವಾಂಸರಲ್ಲಿ ಎ. ಸಿ. ಬರ್ನೆಲ್ ಈ ಸಾಲಿನ ತನ್ನ ಓದನ್ನು 1873ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಪ್ರಕಟಿಸಿದ. ಶಿಲುಬೆಯ ಯಾತನೆ ಉಂಡವನೇ ನಿಜವಾದ ಕ್ರಿಸ್ತ, ಮೇಲಣ ದೇವರು ಎಂಬುದು ಅವನ ಪಾಠದ ಸಾರ. ಮಾರ್ಟಿನ್ ಹೌಗ್ ಅದೇ ಅಕ್ಷರಗಳಲ್ಲಿ ಮೆಸ್ಸೀಯನನ್ನೂ ದೇವರನ್ನೂ ಪವಿತ್ರಾತ್ಮನನ್ನೂ ನಂಬುವವನಿಗೆ ದೊರೆಯುವ ಕೃಪೆಯನ್ನು ಕಂಡ. 1929ರಲ್ಲಿ ವಿಂಕ್‌ವರ್ತ್ ಸಾಲಿನ ಜಾಡನ್ನೇ ಬದಲಿಸಿದ: ಇದು ಸಿದ್ಧಾಂತವಲ್ಲ, ಮೊರೆ. ಪ್ರಭು ಕ್ರಿಸ್ತನೇ, ಇದನ್ನು ಕಡೆದ ಇಂಥವನ ಮಗ ಇಂಥವನ ಮೇಲೆ ಕರುಣೆಯಿಡು ಎಂಬ ಬೇಡಿಕೆ. ಆಮೇಲಿನವರು ಬಹುಮಟ್ಟಿಗೆ ಪ್ರಾರ್ಥನೆಯೆಂಬುದನ್ನು ಒಪ್ಪಿ, ಆ ವ್ಯಕ್ತಿಯ ಹೆಸರಿನ ಬಗ್ಗೆ ವಾದಿಸಿದ್ದಾರೆ.

ಕನ್ನಡದ ಕಣ್ಣಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ. ಬರ್ನೆಲ್‌ನ ಸಾಲು ಶಾಸನದಂತೆ ಸಾರುತ್ತದೆ, ವಿಂಕ್‌ವರ್ತ್‌ನದು ವಚನದಂತೆ ಕೂಗುತ್ತದೆ. ವಚನದ ಅಂಕಿತವನ್ನು ನಾವು ಸಹಿಯೆನ್ನುವುದುಂಟು. ಅದು ಸಹಿಗಿಂತ ವಿಳಾಸ. ಕೂಡಲಸಂಗಮದೇವನನ್ನು ತೆಗೆದರೆ ಬಸವಣ್ಣನ ಮಾತು ಉಳಿದೀತು, ಆದರೆ ಅದನ್ನು ಕೇಳುವವನಿರುವುದಿಲ್ಲ. ಕಲ್ಲಿನ ಸಂಬೋಧನೆಗೂ ಅಷ್ಟೇ ತೂಕ. ಪ್ರಾರ್ಥನೆಗೆ ಬಲ ಬರುವುದು ಬೇಡುವವನ ಭಾವದ ಬಿಸಿಯಿಂದ ಎಂದು ಹಿಡಿದರೆ, ಬೇಡುವವನ ಹೆಸರೇ ಅಳಿಸಿಹೋದಾಗ ಅದು ಸತ್ತಂತೆಯೇ. ಇಲ್ಲಿ ಆದದ್ದು ಬೇರೆ: ಈ ಓದುಗಳು ಕ್ರಿಯಾಪದದಲ್ಲಿ, ವ್ಯಾಕರಣದಲ್ಲಿ, ಕಡೆದವನ ಗುರುತಿನಲ್ಲಿ ಬೇರೆಯಾದರೂ ಮೆಸ್ಸೀಯನ ಹೆಸರನ್ನು ಮಾತ್ರ ಎಲ್ಲರೂ ಕಂಡಿದ್ದಾರೆ.

ಹಾಗಾದರೆ ಕಲ್ಲಿಗೆ ಮಣಿಯುವುದು? 787ರ ಎರಡನೆಯ ನೈಸಿಯಾ ಮಹಾಸಭೆ, ಪ್ರತಿಮೆಗೆ ಸಲ್ಲಿಸಿದ ಗೌರವ ಅದರ ಮೂಲರೂಪಕ್ಕೆ ಸೇರುತ್ತದೆಂದು ತೀರ್ಮಾನಿಸಿತು. ಪರಂಗಿಮಲೆಯಲ್ಲಿ ಆ ತೀರ್ಮಾನಕ್ಕೆ ಹೊರಗಿನ ವ್ಯಾಖ್ಯಾನ ಬೇಕಿಲ್ಲ. ತನ್ನೆದುರು ಮಂಡಿಯೂರಿದವನ ನೋಟವನ್ನು ಕಲ್ಲು ತನ್ನ ಬರಹದಿಂದಲೇ ಆಚೆಗೆ ದಾಟಿಸುತ್ತದೆ.

ಕೇರಳದ ಕಡಮಟ್ಟಂ, ಮುಟ್ಟುಚಿರ, ಕೋಟ್ಟಯಂಗಳ ಶಿಲುಬೆಗಳಲ್ಲೂ ಅಷ್ಟಿಷ್ಟು ವ್ಯತ್ಯಾಸದೊಡನೆ ಇದೇ ಸಾಲಿದೆ. ವಿಂಕ್‌ವರ್ತ್‌ನ ಓದು ಸರಿಯಾದರೆ, ಒಬ್ಬ ಕ್ರೈಸ್ತ ತನಗಾಗಿ ಬೇಡಿಕೊಂಡ ಕರುಣೆಯನ್ನು ಅವನ ಹೆಸರಿನ ಸಮೇತ ಬೇರೆಯವರೂ ಕಲ್ಲಿನಲ್ಲಿ ನಕಲು ಮಾಡಿದ್ದಾರೆ.