ಖಾಲಿಯಾದ ಜೇನುಪೆಟ್ಟಿಗೆಗಳು

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ರೈಲಿನಲ್ಲಿ ಹೋಗಿದ್ದರೆ, ಅಮ್ಮಸಂದ್ರದ ಆಸುಪಾಸಿನ ತೆಂಗಿನ ತೋಟಗಳನ್ನು ನೀವು ನೋಡಿರುತ್ತೀರಿ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಎಷ್ಟೋ ಮನೆಗಳ ಬದುಕು ಈ ಮರವನ್ನೇ ನಂಬಿದೆ. ನೀರು, ಗೊಬ್ಬರ, ಕೊಬ್ಬರಿಯ ಧಾರಣೆ ಇವುಗಳ ಬಗ್ಗೆ ಅಲ್ಲಿ ದಿನವೂ ಮಾತು ನಡೆಯುತ್ತದೆ. ಕೂಲಿ ಕೇಳದೆ ದುಡಿಯುವ ಜೇನುಹುಳುವಿನ ಮಾತು ಮಾತ್ರ ಅಪರೂಪ.

ಹೊಂಬಾಳೆಯೊಂದನ್ನು ಗಮನವಿಟ್ಟು ನೋಡಿ. ಎಸಳುಗಳ ಉದ್ದಕ್ಕೂ ಸಣ್ಣ ಗಂಡು ಹೂಗಳು. ಬುಡದಲ್ಲಿ ಗುಂಡಗಿನ ಕೆಲವೇ ಹೆಣ್ಣು ಹೂಗಳು. ಎತ್ತರದ ತಳಿಗಳಲ್ಲಿ ಗಂಡು ಹೂಗಳು ಮೊದಲು ಅರಳಿ, ಸುಮಾರು ಮೂರು ವಾರಗಳಲ್ಲಿ ಉದುರಿಹೋಗುತ್ತವೆ. ಸಾಮಾನ್ಯವಾಗಿ ಆಮೇಲೆಯೇ ಹೆಣ್ಣು ಹೂಗಳು ಪರಾಗಕ್ಕೆ ಸಿದ್ಧವಾಗುವುದು. ಹಾಗಾದರೆ ಪರಾಗ ಎಲ್ಲಿಂದ ಬರಬೇಕು? ಹೆಚ್ಚಾಗಿ ಬೇರೊಂದು ಮರದಿಂದ. ಗಾಳಿ ಒಂದಿಷ್ಟು ತರುತ್ತದೆ. ಜೇನುಹುಳು ಮತ್ತು ಇತರ ಕೀಟಗಳು ಉಳಿದದ್ದನ್ನು ತರುತ್ತವೆ. ಪರಾಗ ಸಿಗದ ಹೂವು ಕಾಯಿ ಕಟ್ಟದೆ ಉದುರುತ್ತದೆ.

ಈಗ ಇತಿಹಾಸಕ್ಕೆ ಬರೋಣ. ನಮ್ಮ ನಾಡಿನ ತುಡುವೆ ಜೇನು ಮರದ ಪೊಟರೆಯಲ್ಲಿ, ಹುತ್ತದಲ್ಲಿ ಗೂಡು ಕಟ್ಟುವಂಥದ್ದು. ಅದನ್ನು ಮರದ ಪೆಟ್ಟಿಗೆಯಲ್ಲಿ ಸಾಕುವ ಕ್ರಮ ದಕ್ಷಿಣ ಭಾರತದಲ್ಲಿ ಹಬ್ಬಿದ್ದು 20ನೆಯ ಶತಮಾನದಲ್ಲಿ. ಪಾದ್ರಿ ನ್ಯೂಟನ್ ಅವರು ರೂಪಿಸಿದ ಪೆಟ್ಟಿಗೆ ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಕೊಡಗಿನಲ್ಲಿ ಸ್ವಾತಂತ್ರ್ಯಕ್ಕೆ ಮುಂಚೆಯೇ ಜೇನು ಸಾಕಣೆದಾರರು ಸಹಕಾರ ಸಂಘ ಕಟ್ಟಿಕೊಂಡರು. ಕೊಡಗಿನ ಜೇನುತುಪ್ಪದ ಹೆಸರು ದೇಶವೆಲ್ಲ ಹರಡಿತು.

1976ರಲ್ಲಿ ಥಾಯ್ಲೆಂಡಿನಲ್ಲಿ ತುಡುವೆ ಜೇನಿನ ಮರಿಗಳಿಗೆ ಒಂದು ವೈರಸ್ ರೋಗ ಕಾಣಿಸಿಕೊಂಡಿತು. ರೋಗ ತಗುಲಿದ ಮರಿ ಕೋಶಾವಸ್ಥೆಗೆ ಹೋಗುವ ಮೊದಲೇ ಸಾಯುತ್ತದೆ. ಅದರ ಚರ್ಮದೊಳಗೆ ನೀರು ತುಂಬಿ ದೇಹ ಚೀಲದಂತಾಗುತ್ತದೆ. ಆದ್ದರಿಂದಲೇ ಇದು ಥಾಯ್ ಸ್ಯಾಕ್‌ಬ್ರೂಡ್ ಎನಿಸಿಕೊಂಡಿತು. ಮರಿಗಳಿಗೆ ಉಣಿಸುವ ದಾದಿ ಹುಳುಗಳೇ, ತಮಗೆ ಅರಿವಿಲ್ಲದೆ, ರೋಗವನ್ನು ಹರಡುತ್ತವೆ. ಇದು 1978ರಲ್ಲಿ ಮೇಘಾಲಯಕ್ಕೂ, 1991-92ರಲ್ಲಿ ದಕ್ಷಿಣ ಭಾರತಕ್ಕೂ ಬಂತು. ಕೇರಳ, ಕರ್ನಾಟಕ, ತಮಿಳುನಾಡುಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಸಾಕು ಕುಟುಂಬಗಳು ನಾಶವಾದವೆಂದು ಅಂದಾಜು. ಪೆಟ್ಟಿಗೆಗಳು ಉಳಿದವು, ಹುಳುಗಳು ಉಳಿಯಲಿಲ್ಲ.

ಅಂದು ನಷ್ಟವನ್ನು ಲೆಕ್ಕ ಹಾಕಿದ್ದು ಜೇನುತುಪ್ಪದ ಕಿಲೋಗಳಲ್ಲಿ. ಕಾಯಿ ಕಟ್ಟದೆ ಉದುರಿದ ಹೂವುಗಳ ಲೆಕ್ಕ ಯಾವ ಪುಸ್ತಕಕ್ಕೂ ಏರಲಿಲ್ಲ. ರೋಗವನ್ನು ತಾಳಿಕೊಂಡು ಉಳಿದ ಕುಟುಂಬಗಳಿಂದ ತುಡುವೆಯ ಸಂತತಿ ನಿಧಾನವಾಗಿ ಮತ್ತೆ ಬೆಳೆಯಿತು. ಇದೇ ಇದರ ದೊಡ್ಡ ಪಾಠ. ಎಲ್ಲ ಕುಟುಂಬಗಳೂ ಒಂದೇ ಬಗೆಯವಾಗಿದ್ದರೆ, ಒಂದೇ ರೋಗಕ್ಕೆ ಎಲ್ಲವೂ ಅಳಿಯುತ್ತಿದ್ದವು. ಪೊಟರೆಯಿರುವ ಹಳೆಯ ಮರ, ಬೇಲಿಯ ಹೂಗಿಡ, ಗೋಮಾಳದ ಹುತ್ತ ಇವೆಲ್ಲ ಆ ವೈವಿಧ್ಯದ ಮನೆಗಳು.

ತೆಂಗು ಕೂಡ ಜೇನಿಗೆ ಆಸರೆ. ಚೆನ್ನಾಗಿ ಬೆಳೆದ ಮರ ತಿಂಗಳಿಗೊಂದರಂತೆ ಹೊಂಬಾಳೆ ಬಿಡುವುದರಿಂದ, ಬೇರೆ ಹೂವಿಲ್ಲದ ದಿನಗಳಲ್ಲೂ ಅಲ್ಲಿ ಪರಾಗ ಸಿಗುತ್ತದೆ. ಆದರೆ ಹೂವಿನ ಮೇಲೆ ಹಗಲಿನಲ್ಲಿ ಕೀಟನಾಶಕ ಸಿಂಪಡಿಸಿದರೆ ಆ ಊಟವೇ ವಿಷವಾಗುತ್ತದೆ.

ನಿಮ್ಮ ಊರಿನ ಹಿರಿಯರನ್ನು ಒಮ್ಮೆ ವಿಚಾರಿಸಿ: 1991ಕ್ಕೆ ಮೊದಲು ತುಡುವೆ ಗೂಡುಗಳು ಎಲ್ಲೆಲ್ಲಿದ್ದವು? ಇಂದು ಎಲ್ಲಿವೆ? ಅವರ ಉತ್ತರಗಳನ್ನು ತಾರೀಖು ಸಮೇತ ಬರೆದಿಡಿ. ಬರೆಯದೆ ಉಳಿದಿರುವ ಆ ಲೆಕ್ಕವನ್ನು ನೀವೇ ಆರಂಭಿಸಬಹುದು.