ಕೌಂಟಿ ದಫ್ತರದಲ್ಲಿ ಉಳಿದ ಮದುವೆಗಳು

ಅಮೆರಿಕದಲ್ಲಿ ಕೆಲಸಕ್ಕಿರುವ ಹುಡುಗನಿಗೆ ಮಗಳನ್ನು ಕೊಟ್ಟ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ. "ನಿಕಾಹ್ ಆಗಿದೆ, ಮಹರ್ ಕೊಟ್ಟಾಗಿದೆ, ಜಮಾಅತಿನ ಪುಸ್ತಕದಲ್ಲಿ ಸಾಕ್ಷಿಗಳ ಸಹಿ ಬಿದ್ದಿದೆ. ಇನ್ನೇನು ಬೇಕಂತೆ?" ವೀಸಾ ಕೊಡುವವರಿಗೆ ಬೇಕಾದದ್ದು ಸರಕಾರದ ನೋಂದಣಿ ಪತ್ರ. ಆಗ ತಂದೆ ನೋಂದಣಿ ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಕರ್ನಾಟಕದಲ್ಲಿ ಮದುವೆ ನೋಂದಣಿಗೆ 1976ರ ಕಾಯ್ದೆಯೇ ಇದೆ. 2006ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಧರ್ಮದವರ ಮದುವೆಯನ್ನೂ ಕಡ್ಡಾಯವಾಗಿ ನೋಂದಾಯಿಸುವಂತೆ ರಾಜ್ಯಗಳಿಗೆ ಹೇಳಿತು. ಆದರೂ ನಮಗೆ ನೋಂದಣಿಯ ನೆನಪಾಗುವುದು ಪಾಸ್‌ಪೋರ್ಟ್ ಕೈಗೆ ಬಂದ ಮೇಲೆಯೇ.

ಹೇಗೂ ಇಲ್ಲಿ ಮದುವೆ ಮೊದಲು, ಕಾಗದ ಆಮೇಲೆ. ಅಮೆರಿಕದಲ್ಲಿ ಮದುವೆಯಾಗುವವರಿಗೆ ಇದು ತಿರುವುಮುರುವು. ಅಲ್ಲಿ ಮೊದಲು ಲೈಸನ್ಸ್, ಆಮೇಲೆ ಮದುವೆ. ಕೋವಿಗೆ ಲೈಸನ್ಸ್ ಬೇಕು, ಅಂಗಡಿಗೆ ಬೇಕು, ಸರಿ. ಇಬ್ಬರು ವಯಸ್ಕರು ಒಪ್ಪಿ ಮದುವೆಯಾಗಲು ಲೈಸನ್ಸ್ ಏಕೆ? ಈ ಪ್ರಶ್ನೆಯ ಬೆನ್ನು ಹತ್ತಿದಾಗ ನಮಗೆ ಸಿಕ್ಕ ಇತಿಹಾಸದಲ್ಲಿ ಪಂಜಾಬಿನ ಮತ್ತು ಬಂಗಾಳದ ಮುಸ್ಲಿಮರೂ ಇದ್ದಾರೆ.

ಮೊದಲು ಈಗಿನ ಕ್ರಮವನ್ನು ಹೇಳಿಬಿಡೋಣ. ಅಮೆರಿಕದ ರಾಜ್ಯಗಳು ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಾಗಿ ಹಂಚಿಕೊಂಡಿವೆ. ಕೌಂಟಿ ಎಂದರೆ ಸ್ಥೂಲವಾಗಿ ನಮ್ಮ ಜಿಲ್ಲೆ. ಲೂಸಿಯಾನಾದಲ್ಲಿ ಮಾತ್ರ ಅದನ್ನು ಪ್ಯಾರಿಷ್ ಎನ್ನುತ್ತಾರೆ. ಸಾಮಾನ್ಯವಾಗಿ ವಧೂವರರಿಬ್ಬರೂ ಗುರುತಿನ ಚೀಟಿಯೊಂದಿಗೆ ಕೌಂಟಿ ಕ್ಲರ್ಕ್ ಕಚೇರಿಗೆ ಹೋಗಬೇಕು. ಕ್ಲರ್ಕ್ ಎಂದೊಡನೆ ತಾಲೂಕು ಕಚೇರಿಯ ಗುಮಾಸ್ತನನ್ನು ನೆನೆಯಬಾರದು. ಬಹಳ ಕಡೆ ಅವರು ಜನರಿಂದ ಚುನಾಯಿತರಾದ ಅಧಿಕಾರಿ. ಹೆಸರು, ವಯಸ್ಸು, ಹುಟ್ಟಿದ ಊರು, ಹಿಂದೆ ಮದುವೆಯಾಗಿದ್ದರೆ ಅದು ಮುಗಿದದ್ದು ಹೇಗೆ ಎಂಬುದನ್ನೆಲ್ಲ ಬರೆದು, ಸತ್ಯವೆಂದು ಪ್ರಮಾಣ ಮಾಡಿ, ಶುಲ್ಕ ಕಟ್ಟಬೇಕು. ಕಾನೂನು ರಾಜ್ಯಕ್ಕೊಂದು. ಟೆಕ್ಸಾಸ್‌ನಲ್ಲಿ ಲೈಸನ್ಸ್ ಸಿಕ್ಕ ಮೇಲೆ 72 ಗಂಟೆ ಕಾಯಬೇಕು, ನ್ಯೂಯಾರ್ಕ್‌ನಲ್ಲಿ 24 ಗಂಟೆ. ಲಾಸ್ ವೇಗಾಸ್‌ನಲ್ಲಿ ಕಾಯುವ ಮಾತೇ ಇಲ್ಲ, ಕಚೇರಿ ಮಧ್ಯರಾತ್ರಿಯ ತನಕ ತೆರೆದಿರುತ್ತದೆ. ಕ್ಯಾಲಿಫೋರ್ನಿಯಾದ ಲೈಸನ್ಸಿಗೆ 90 ದಿನದ ಆಯುಷ್ಯ. ಮದುವೆ ನಡೆಸಿದ ಇಮಾಮರೋ ಪಾದ್ರಿಯೋ ನ್ಯಾಯಾಧೀಶರೋ ಸಹಿ ಹಾಕಿ ಅದನ್ನು ಹತ್ತು ದಿನದೊಳಗೆ ಕೌಂಟಿಗೆ ಮರಳಿಸಬೇಕು. ಅಲ್ಲಿ ಅದು ದಾಖಲಾಗಿ ಮದುವೆಯ ಪುರಾವೆಯಾಗುತ್ತದೆ. ಕೆಲವು ರಾಜ್ಯಗಳು ರಕ್ತಪರೀಕ್ಷೆಯನ್ನೂ ಕೇಳುತ್ತಿದ್ದವು. 1935ರಲ್ಲಿ ಕನೆಕ್ಟಿಕಟ್ ಶುರುಮಾಡಿದ ಈ ಪದ್ಧತಿಯನ್ನು ಕೊನೆಯದಾಗಿ ಕೈಬಿಟ್ಟದ್ದು ಮೊಂಟಾನಾ, 2019ರಲ್ಲಿ. ಅದೇ ವರ್ಷ ಅಲಬಾಮಾ ಲೈಸನ್ಸನ್ನೇ ತೆಗೆದುಹಾಕಿತು. ಅಲ್ಲೀಗ ವಧೂವರರು ಪ್ರಮಾಣಪತ್ರ ಬರೆದು ದಾಖಲಿಸಿದರೆ ಸಾಕು.

ಬರಿಯ ನಿಕಾಹ್ ಮಾಡಿಕೊಂಡು ಲೈಸನ್ಸ್ ಬಿಟ್ಟರೆ ಬಹುತೇಕ ರಾಜ್ಯಗಳಲ್ಲಿ ಹೆಂಡತಿಗೆ ಹೆಂಡತಿಯ ಹಕ್ಕು ಸಿಗುವುದು ಕಷ್ಟ. ಅಲ್ಲಿನ ಅನೇಕ ಇಮಾಮರು ಲೈಸನ್ಸ್ ಕಾಣದೆ ನಿಕಾಹ್ ಓದಿಸದಿರುವುದು ಇದೇ ಕಾರಣಕ್ಕೆ. ಹಾಗೆಂದು ನಿಕಾಹ್‌ನಾಮೆಗೆ ಬೆಲೆಯಿಲ್ಲ ಎಂದಲ್ಲ. 2002ರಲ್ಲಿ ನ್ಯೂಜೆರ್ಸಿಯ ನ್ಯಾಯಾಲಯವೊಂದು, ಬಾಕಿ ಉಳಿದಿದ್ದ ಹತ್ತು ಸಾವಿರ ಡಾಲರ್ ಮಹರನ್ನು ಕೊಡಲೇಬೇಕೆಂದು ಗಂಡನಿಗೆ ಆದೇಶಿಸಿತು. ಅದು ಧಾರ್ಮಿಕ ವಿಧಿಯ ಕಾಗದವಾದರೂ ಇಬ್ಬರು ಒಪ್ಪಿ ಮಾಡಿಕೊಂಡ ಕರಾರು ಹೌದು ಎಂಬುದು ನ್ಯಾಯಾಲಯದ ನಿಲುವು.

ಲೈಸನ್ಸ್ ಎಂಬ ಕಲ್ಪನೆ ಇಂಗ್ಲೆಂಡಿನ ಚರ್ಚಿನಿಂದ ಬಂದದ್ದು. ಇಂಥವನಿಗೂ ಇಂಥವಳಿಗೂ ಮದುವೆ, ಆಕ್ಷೇಪವಿದ್ದರೆ ಹೇಳಿ ಎಂದು ಮೂರು ಭಾನುವಾರ ಚರ್ಚಿನಲ್ಲಿ ಸಾರುವುದು ಅಲ್ಲಿನ ಪದ್ಧತಿ. ನಮ್ಮ 1954ರ ವಿಶೇಷ ವಿವಾಹ ಕಾಯ್ದೆಯ 30 ದಿನಗಳ ನೋಟಿಸನ್ನು ಕಂಡವರಿಗೆ ಇದು ಹೊಸದೆನಿಸದು. ಸಾರುವುದು ಬೇಡ ಎನ್ನುವವರು, ಎಂದರೆ ಹಣವಿದ್ದವರು, ಬಿಷಪರಿಂದ ಲೈಸನ್ಸ್ ಪಡೆಯುತ್ತಿದ್ದರು. ಮೂಲದಲ್ಲಿ ಲೈಸನ್ಸ್ ಒಂದು ವಿನಾಯಿತಿ. ಸಮುದ್ರ ದಾಟಿ ಬಂದ ವಲಸಿಗರ ನಾಡಿನಲ್ಲಿ ಚರ್ಚುಗಳು ದೂರದೂರವಿದ್ದವು. ಹೀಗಾಗಿ ಈ ಕೆಲಸ ಕೌಂಟಿ ಕಚೇರಿಯ ಮೇಜಿಗೆ ಬಂತು, ವಿನಾಯಿತಿಯೇ ಕಾಲಕ್ರಮದಲ್ಲಿ ನಿಯಮವಾಯಿತು.

ಈ ಮೇಜಿನ ಮುಂದೆ ನಿಲ್ಲಲು ಎಲ್ಲರಿಗೂ ಅವಕಾಶವಿರಲಿಲ್ಲ. ಗುಲಾಮರ ಮದುವೆಯನ್ನು ಕಾನೂನು ಮದುವೆಯೆಂದು ಎಣಿಸಲೇ ಇಲ್ಲ. ಗಂಡನನ್ನು ಒಬ್ಬನಿಗೆ, ಹೆಂಡತಿಯನ್ನು ಇನ್ನೊಬ್ಬನಿಗೆ ಮಾರಿದರೂ ಕೇಳುವವರಿರಲಿಲ್ಲ. 1865ರಲ್ಲಿ ಗುಲಾಮಗಿರಿ ಅಳಿದ ಮೇಲೆ ವರ್ಜೀನಿಯಾದಲ್ಲಿ, ಆಗಲೇ ಗಂಡಹೆಂಡಿರಾಗಿ ಬಾಳುತ್ತಿದ್ದವರ ಪಟ್ಟಿಯನ್ನು ಕೌಂಟಿವಾರು ಬರೆದರು. 1866ರ ಆ ದಫ್ತರಗಳ ಕಾಲಂಗಳನ್ನು ಓದಿದರೆ ಮನಸ್ಸು ಭಾರವಾಗುತ್ತದೆ. ಗಂಡನ ಹೆಸರು, ವಯಸ್ಸು, ಹುಟ್ಟಿದ ಜಾಗ, ಕೊನೆಯ ಒಡೆಯನ ಹೆಸರು. ಹೆಂಡತಿಯ ಹೆಸರು, ಅವಳ ಕೊನೆಯ ಒಡೆಯನ ಹೆಸರು. ಮಕ್ಕಳ ಹೆಸರು, ವಯಸ್ಸು. ಕೂಡಿ ಬಾಳಲು ತೊಡಗಿದ ದಿನ. ಇಂದು ತಮ್ಮ ಪೂರ್ವಜರನ್ನು ಹುಡುಕುವ ಕರಿಯ ಅಮೆರಿಕನ್ನರಿಗೆ ಒಡೆಯನ ಹೆಸರಿನ ಆ ಕಾಲವೇ ದಾರಿ ತೋರಿಸುತ್ತದೆ. ಅದನ್ನು ಹಿಡಿದು ಗುಲಾಮಗಿರಿಯ ದಿನಗಳ ಆಸ್ತಿ ಪತ್ರಗಳಿಗೆ ಹೋಗಬಹುದು, ಅಲ್ಲಿ ಅಜ್ಜಅಜ್ಜಿಯರು ಮಾರಾಟದ ಸ್ವತ್ತಾಗಿ ಸಿಗುತ್ತಾರೆ.

ಬಿಡುಗಡೆಯ ನಂತರ ಲೈಸನ್ಸಿಗೆ ಹೊಸ ಕೆಲಸ ಬಂತು. ಬಿಳಿಯರೂ ಬಿಳಿಯರಲ್ಲದವರೂ ಮದುವೆಯಾಗದಂತೆ ತಡೆಯಬೇಕೆಂದರೆ, ಮದುವೆಗೆ ಮುಂಚೆಯೇ ಅವರ ಮೈಬಣ್ಣ ನೋಡುವ ಒಬ್ಬ ಅಧಿಕಾರಿ ಬೇಕಲ್ಲ? 1880ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಕ್ಲರ್ಕ್‌ಗಳಿಗೆ, ಬಿಳಿಯರಿಗೂ 'ನೀಗ್ರೋ, ಮುಲಾಟೊ, ಮಂಗೋಲಿಯನ್'ರಿಗೂ ಲೈಸನ್ಸ್ ಕೊಡಕೂಡದೆಂದು ಕಟ್ಟಪ್ಪಣೆ ಮಾಡಿತು. 1933ರಲ್ಲಿ ಫಿಲಿಪೀನ್ಸಿನವರನ್ನು ತಡೆಯಲೆಂದೇ 'ಮಲಯ' ಎಂಬ ಪದವನ್ನು ಸೇರಿಸಿತು. ಅರಿಝೋನಾ 1931ರಲ್ಲಿ 'ಹಿಂದೂ' ಎಂದೇ ಬರೆದುಬಿಟ್ಟಿತು. ಅದು ಧರ್ಮದ ಮಾತಲ್ಲ. ಆ ಕಾಲದ ಅಮೆರಿಕದಲ್ಲಿ ಹಿಂದೂಸ್ತಾನದಿಂದ ಬಂದವರೆಲ್ಲರೂ ಹಿಂದೂಗಳೇ. ಪೇಟ ಕಟ್ಟಿದ ಸಿಖ್ಖನೂ ಹಿಂದೂ, ಐದು ಹೊತ್ತು ನಮಾಝ್ ಮಾಡುವ ಜಲಂಧರದ ಮುಸ್ಲಿಮನೂ ಹಿಂದೂ! ಊರಲ್ಲಿ ಯಾವ ಹೆಸರಿಗಾಗಿ ಜಗಳವೋ, ಪರದೇಶದ ಗುಮಾಸ್ತನಿಗೆ ಅದು ಯಾವುದೂ ಗೊತ್ತಿರಲಿಲ್ಲ.

ಮೆಕ್ಸಿಕೋ ಗಡಿಗೆ ತಾಗಿಕೊಂಡ ಇಂಪೀರಿಯಲ್ ಕೌಂಟಿಗೆ ಬನ್ನಿ. ಮರುಭೂಮಿಗೆ ಕೊಲರಾಡೊ ನದಿಯ ನೀರು ಹರಿದ ಮೇಲೆ ಹತ್ತಿ ಬೆಳೆಯಲು ಅಲ್ಲಿಗೆ ಪಂಜಾಬಿಗಳು ಬಂದರು. ಹೆಚ್ಚಿನವರು ಸಿಖ್ಖರು, ಸ್ವಲ್ಪ ಮಂದಿ ಮುಸ್ಲಿಮರು, ಬೆರಳೆಣಿಕೆಯ ಹಿಂದೂಗಳು. 1917ರ ವಲಸೆ ಕಾನೂನು ಬಾಗಿಲು ಹಾಕಿತು. ಊರಿನಿಂದ ಹೆಂಡತಿಯನ್ನು ಕರೆಸುವಂತಿಲ್ಲ, ಊರಿಗೆ ಹೋದರೆ ಮರಳಿ ಬರುವುದು ಕಷ್ಟ. ಹತ್ತಿ ಬಿಡಿಸಲು ಬಂದಿದ್ದ ಮೆಕ್ಸಿಕನ್ ಕುಟುಂಬಗಳ ಹೆಣ್ಣುಮಕ್ಕಳನ್ನು ಅವರು ಮದುವೆಯಾದರು. ಕೌಂಟಿ ಕ್ಲರ್ಕ್ ಇಬ್ಬರನ್ನೂ ನೋಡಿ, ಬಣ್ಣದ ಕಾಲಂನಲ್ಲಿ ಇಬ್ಬರಿಗೂ 'ಕಂದು' ಎಂದು ಬರೆದು ಲೈಸನ್ಸ್ ಕೊಟ್ಟ ಉದಾಹರಣೆಗಳಿವೆ. ಹುಡುಗಿ ಸ್ವಲ್ಪ ಬೆಳ್ಳಗಿದ್ದು ಅಧಿಕಾರಿ ತಲೆಯಾಡಿಸಿಬಿಟ್ಟರೆ ಬೇರೆ ಕೌಂಟಿಗೋ ಬೇರೆ ರಾಜ್ಯಕ್ಕೋ ಪ್ರಯಾಣ.

ಈ ಜೋಡಿಗಳನ್ನು ಒಂದೊಂದಾಗಿ ಲೆಕ್ಕ ಹಾಕಿದವರು ಕರೆನ್ ಲಿಯೊನಾರ್ಡ್ ಎಂಬ ವಿದ್ವಾಂಸೆ. ಹೈದರಾಬಾದಿನ ಇತಿಹಾಸ ಬರೆದು ಹೆಸರಾದವರು. ಕೌಂಟಿಗಳ ಮದುವೆ ಮತ್ತು ಜನನದ ದಾಖಲೆಗಳನ್ನು ಜಾಲಾಡಿ, ಮನೆಮನೆಯ ಮುದುಕರನ್ನು ಮಾತಾಡಿಸಿ, 1992ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ಇಂಥ 378 ಜೋಡಿಗಳ ಲೆಕ್ಕವಿದೆ. ಹೆಂಡತಿಯರಲ್ಲಿ ಐದರಲ್ಲಿ ನಾಲ್ಕು ಪಾಲು ಮೆಕ್ಸಿಕನ್ ಮೂಲದವರು. ಮಕ್ಕಳ ಮೊದಲ ಹೆಸರು ಸ್ಪ್ಯಾನಿಷ್, ಕೊನೆಯ ಹೆಸರು ಸಿಂಗ್ ಅಥವಾ ಖಾನ್. ಜಮೀನಿಗಾಗಿಯೇ ಈ ಮದುವೆಗಳಾದವು ಎಂಬ ಮಾತು ಈಗಲೂ ಕೇಳಿಬರುತ್ತದೆ. ನಮಗೆ ಅದು ಒಪ್ಪಿಗೆಯಾಗುವುದಿಲ್ಲ. ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಹೇಳಿದ್ದು, ಆ ಮೂಲಕ ಕ್ಯಾಲಿಫೋರ್ನಿಯಾದ ಜಮೀನು ಕಾನೂನು ಅವರ ಮೇಲೆ ಬಿದ್ದದ್ದು 1923ರಲ್ಲಿ. ಈ ಮದುವೆಗಳು ಶುರುವಾದದ್ದು ಅದಕ್ಕೂ ಕೆಲವು ವರ್ಷ ಮುಂಚೆ. ಅಲ್ಲದೆ ಪೌರತ್ವಕ್ಕೆ ಅರ್ಹನಲ್ಲದ ಪರದೇಶಿಯನ್ನು ಮದುವೆಯಾದರೆ ಅಮೆರಿಕನ್ ಹೆಣ್ಣಿನ ಪೌರತ್ವವೇ ಹೋಗುತ್ತಿತ್ತು. 1907ರ ಕಾನೂನು ಹಾಗೆ ಹೇಳಿತು, 1922ರ ತಿದ್ದುಪಡಿ ಏಷ್ಯದವರನ್ನು ಮದುವೆಯಾದವರ ಪಾಲಿಗೆ ಅದನ್ನೇ ಮುಂದುವರಿಸಿತು, 1931ರವರೆಗೆ. ಕ್ರಾಂತಿಕಾರಿ ತಾರಕನಾಥ ದಾಸರ ಅಮೆರಿಕನ್ ಪತ್ನಿ ಮೇರಿ ಹೀಗೆ ಹುಟ್ಟಿದ ನೆಲದಲ್ಲೇ ದೇಶವಿಲ್ಲದವರಾದರು. ಲೈಸನ್ಸಿನ ಅರ್ಜಿಗೆ ಸಹಿ ಹಾಕುವಾಗ ಅಲ್ಲಿ ನಿಂತ ಹೆಣ್ಣು ಏನನ್ನು ಬಿಟ್ಟುಕೊಡುತ್ತಿದ್ದಳೆಂದು ಯೋಚಿಸಿ.

ಬಂಗಾಳಿಗಳ ಕಥೆ ಇನ್ನೂ ಹಿಂದಿನದು. ಹೂಗ್ಲಿ ಜಿಲ್ಲೆಯ ಮುಸ್ಲಿಂ ವ್ಯಾಪಾರಿಗಳು 1880ರ ದಶಕದಿಂದಲೇ ಚಿಕನ್ ಕಸೂತಿಯ ಬಟ್ಟೆ ಹೊತ್ತು ಅಮೆರಿಕಕ್ಕೆ ಹೋಗುತ್ತಿದ್ದರು. ಬೇಸಗೆಯಲ್ಲಿ ನ್ಯೂಜೆರ್ಸಿಯ ಕಡಲತೀರ, ಚಳಿಗಾಲಕ್ಕೆ ನ್ಯೂ ಆರ್ಲಿಯನ್ಸ್. ಅಲ್ಲೇ ಉಳಿದ ಕೆಲವರು ಕರಿಯ ಸಮುದಾಯದ ಹೆಣ್ಣುಗಳನ್ನು ಮದುವೆಯಾಗಿ, ಅವರ ನೆರೆಹೊರೆಯಲ್ಲೇ ಮನೆ ಮಾಡಿದರು. ಮುಂದೆ ಬ್ರಿಟಿಷ್ ಹಡಗುಗಳಿಂದ ತಪ್ಪಿಸಿಕೊಂಡ ಸಿಲ್ಹೆಟ್ ಕಡೆಯ ಖಲಾಸಿಗಳು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕರಿಯ ಹಾಗೂ ಪೋರ್ಟೊರಿಕೊ ಮೂಲದ ಹೆಣ್ಣುಗಳೊಂದಿಗೆ ಸಂಸಾರ ಹೂಡಿದರು. ಹೆಚ್ಚಿನವರು ದಿನಚರಿ ಬರೆಯಲಿಲ್ಲ, ಆತ್ಮಕಥೆ ಬರೆಯಲಿಲ್ಲ. 2013ರಲ್ಲಿ ಬಂದ ವಿವೇಕ್ ಬಾಲ್ಡ್ ಅವರ 'ಬೆಂಗಾಲಿ ಹಾರ್ಲೆಮ್' ಗ್ರಂಥ ನಿಂತಿರುವುದು ಬಹುಪಾಲು ಹಡಗಿನ ಪಟ್ಟಿ, ಜನಗಣತಿ ಮತ್ತು ಇಂಥ ಮದುವೆ ದಾಖಲೆಗಳ ಮೇಲೆ. ಹೊರಗಿಡಲು ಮಾಡಿದ ದಫ್ತರ ನೆನಪನ್ನು ಉಳಿಸಿದ್ದು ಹೀಗೆ.

ಕ್ಲರ್ಕ್ ಕಚೇರಿಯ ಅಧಿಕಾರವನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿ ಗೆದ್ದದ್ದು ಲಾಸ್ ಏಂಜಲೀಸ್ ಕೌಂಟಿಯ ಆಂಡ್ರಿಯಾ ಪೆರೆಝ್ ಮತ್ತು ಸಿಲ್ವೆಸ್ಟರ್ ಡೇವಿಸ್. ವಿಮಾನ ಕಾರ್ಖಾನೆಯಲ್ಲಿ ಪರಿಚಯವಾದವರು. ಆಕೆ ಮೆಕ್ಸಿಕನ್ ಮೂಲದವಳು, ಆತ ಕರಿಯ. ಇಂಪೀರಿಯಲ್‌ನಲ್ಲಿ ಪಂಜಾಬಿಯ ಪಕ್ಕ ನಿಂತಾಗ 'ಕಂದು' ಆಗಿದ್ದ ಮೆಕ್ಸಿಕನ್ ಹೆಣ್ಣು ಇಲ್ಲಿ ಕರಿಯನ ಪಕ್ಕ ನಿಂತಾಗ 'ಬಿಳಿ' ಆಗಿಬಿಟ್ಟಳು, ಲೈಸನ್ಸ್ ನಿರಾಕರಿಸಲಾಯಿತು! 1948ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ನಾಲ್ಕು-ಮೂರರ ಬಹುಮತದಿಂದ ಆ ಕಾನೂನನ್ನು ತಳ್ಳಿಹಾಕಿತು.

ವರ್ಜೀನಿಯಾ ಬಗ್ಗಲಿಲ್ಲ. ಅಲ್ಲಿನ 1924ರ ಕಾನೂನನ್ನು ಜಾರಿಮಾಡುತ್ತಿದ್ದ ರಾಜ್ಯ ರಿಜಿಸ್ಟ್ರಾರ್ ವಾಲ್ಟರ್ ಪ್ಲೆಕರ್ 1943ರಲ್ಲಿ, ಯಾವ ಕೌಂಟಿಯ ಯಾವ ಮನೆತನಗಳನ್ನು ಬಿಳಿಯರೆಂದು ನಂಬಬಾರದೆಂದು ಹೆಸರುಗಳ ಪಟ್ಟಿಯನ್ನೇ ಕ್ಲರ್ಕ್‌ಗಳಿಗೆ ಕಳಿಸಿದ್ದ. ಕ್ಯಾರೊಲೈನ್ ಕೌಂಟಿಯ ರಿಚರ್ಡ್ ಲವಿಂಗ್ ಬಿಳಿಯ, ಮಿಲ್ಡ್ರೆಡ್ ಬಿಳಿಯಳಲ್ಲ. 1958ರ ಜೂನ್‌ನಲ್ಲಿ ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ಬಂದರು. ಮರುತಿಂಗಳು ರಾತ್ರಿ ಶೆರಿಫ್ ಮಲಗುವ ಕೋಣೆಗೇ ನುಗ್ಗಿದ. ಗೋಡೆಗೆ ತೂಗುಹಾಕಿದ್ದ ಮದುವೆ ಸರ್ಟಿಫಿಕೇಟ್ ತೋರಿಸಿದರೆ, ಇಲ್ಲಿ ಅದು ನಡೆಯುವುದಿಲ್ಲ ಎಂದ. 25 ವರ್ಷ ಇಬ್ಬರೂ ಜೊತೆಯಾಗಿ ರಾಜ್ಯಕ್ಕೆ ಕಾಲಿಡದಿದ್ದರೆ ಜೈಲಿಲ್ಲ ಎಂಬುದು ಶಿಕ್ಷೆ. 1967ರ ಜೂನ್ 12ರಂದು ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ಅವರ ಪರ ತೀರ್ಪಿತ್ತಾಗ ಇನ್ನೂ 16 ರಾಜ್ಯಗಳಲ್ಲಿ ಇಂಥ ಕಾನೂನಿತ್ತು.

ಹಳೆಯ ದಾಖಲೆ ಹುಡುಕುವ ಕೆಲಸ ಈಗ ಸುಲಭವಾಗಿದೆ. ಬಹಳಷ್ಟು ಕೌಂಟಿಗಳ ಪುಸ್ತಕಗಳು ಚಿತ್ರವಾಗಿ ಕಂಪ್ಯೂಟರಿಗೆ ಬಂದಿವೆ. ಉಳಿದವಕ್ಕೆ ಮದುವೆಯ ಅಂದಾಜು ವರ್ಷ, ಕೌಂಟಿಯ ಹೆಸರು ಬರೆದು ಶುಲ್ಕ ಕಳಿಸಬೇಕು. ಲೈಸನ್ಸ್ ಪಡೆದ ಕೌಂಟಿ ತಿಳಿಯದಿದ್ದರೆ ಮಾತ್ರ ಒದ್ದಾಟ. ಏಷ್ಯದವರ ಹೆಸರುಗಳನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಮುಹಮ್ಮದ್ ಎಂಬ ಒಂದೇ ಹೆಸರನ್ನು ಆರೆಂಟು ಬಗೆಯ ಕಾಗುಣಿತದಲ್ಲಿ ಹುಡುಕಿ ನೋಡಬೇಕಾಗುತ್ತದೆ. ವಧುವಿನ ಹೆಸರಿನಿಂದ ಹುಡುಕಿದರೆ ಬೇಗ ಸಿಗುತ್ತದೆ.

ಬಣ್ಣದ ಕಾಲಂ ಹೋಯಿತೇ? ಲವಿಂಗ್ ದಂಪತಿ ಗೆದ್ದ ಮೇಲೂ ವರ್ಜೀನಿಯಾದ ಅರ್ಜಿಯಲ್ಲಿ ಅದು ಅರ್ಧ ಶತಮಾನ ಉಳಿದಿತ್ತು. 2019ರಲ್ಲಿ, ಜನಾಂಗ ಬರೆಯುವುದಿಲ್ಲ ಎಂದ ಕೆಲವು ಜೋಡಿಗಳಿಗೆ ಲೈಸನ್ಸ್ ಸಿಗಲಿಲ್ಲ. ರಾಕ್‌ಬ್ರಿಜ್ ಕೌಂಟಿಯಲ್ಲಿ ಆಯ್ಕೆಗೆಂದು ಕೊಟ್ಟ ಇನ್ನೂರಕ್ಕೂ ಹೆಚ್ಚು ಹೆಸರುಗಳ ಪಟ್ಟಿಯಲ್ಲಿ 'ಆರ್ಯನ್', 'ಮುಲಾಟೊ', ಎಂಟರಲ್ಲಿ ಒಂದು ಪಾಲು ಕರಿಯ ಎಂಬರ್ಥದ 'ಆಕ್ಟರೂನ್' ಎಲ್ಲವೂ ಇದ್ದವು. ಅವರು ನ್ಯಾಯಾಲಯಕ್ಕೆ ಹೋದರು. ಅಕ್ಟೋಬರಿನಲ್ಲಿ ಫೆಡರಲ್ ನ್ಯಾಯಾಧೀಶರು ಆ ಕಾಲಂ ಸಂವಿಧಾನಕ್ಕೆ ವಿರುದ್ಧವೆಂದರು, ಮರುವರ್ಷ ಶಾಸನಸಭೆ ಅದನ್ನು ಕಾನೂನಿನಿಂದ ಅಳಿಸಿತು.